ಗುಳೆ ಹೋದ ಕೂಸು ‘ನಗರದ ಅಭ್ಯರ್ಥಿ’ ಆಗೋದು ಹ್ಯಾಂಗ?



ಪೋಸ್ಟ್ ಉದ್ದ ಇದೆ. ಪುರಸೊತ್ತು ಮಾಡಿಕೊಂಡು ಓದ್ರಿ. ನಮ್ಮ ಕೇರಿ ಮಕ್ಕಳ ವಿಷಯ.

ನವೋದಯ ಅರ್ಜಿ ಹಾಕೋ ಕೊನೇ ವಾರ ಅದು. ಭಾನುವಾರ ಮಧ್ಯಾಹ್ನ ದೇವದುರ್ಗ ತಾಲೂಕಿನ ಒಂದು ಹಳ್ಳಿಯಿಂದ ತಾಯಿ, ಮಗಳು ರಾಯಚೂರಿನ ನಮ್ಮ ಮನೆ ಹುಡುಕಿಕೊಂಡು ಬಂದರು. ಯಾರೋ ಹೇಳಿ ಕಳಿಸಿದ್ದರಂತೆ, ‘ಆ ಅಣ್ಣ ಆಫೀಸ್‌ದಾಗ ಕೆಲಸ ಮಾಡ್ತಾನ, ಅರ್ಜಿ ತುಂಬಿಕೊಡ್ತಾನ’ ಅಂತ. ಹುಡುಗಿ ಸರ್ಕಾರಿ ಶಾಲೆ, ಐದನೇ ಕ್ಲಾಸು. ಚಹಾ ಕುಡಿಯುತ್ತ ತಾಯಿ ಹತ್ತಿ ಬಿಡಿಸಿದ ಕೂಲಿ ಲೆಕ್ಕ ತೆಗೆದಳು. ಕಿಲೋಕ್ಕೆ ಹನ್ನೆರಡು ರೂಪಾಯಿ, ಮೂವತ್ತೇಳು ಕಿಲೋ. ನಾನು ಮೊಬೈಲ್ ತೆಗೆಯೋದರೊಳಗ ಹುಡುಗಿ, ‘ನಾನೂರ ನಲವತ್ನಾಕು. ಅದರಾಗ ಮುಂಗಡ ನೂರಾ ಐವತ್ತು ಹಿಡಕೊಂಡಾರ, ಇನ್ನೂರ ತೊಂಬತ್ನಾಕು ಕೊಡಬೇಕಿತ್ತು. ಇನ್ನೂರ ಎಂಬತ್ತು ಕೊಟ್ಟಾರ’ ಅಂದಳು. ತಾಯಿ ನಕ್ಕಳು. ‘ನೋಡ್ರಿ ಅಣ್ಣಾ, ಹಿಂಗ ಐತಿ ಇದು. ಅದಕ್ಕ ಕರಕೊಂಡು ಬಂದೀನಿ.’

ಕಾಗದ ಎಲ್ಲ ಸರಿ ಇದ್ದವು. ಜಾತಿ ಪ್ರಮಾಣಪತ್ರ ಇತ್ತು, ಆಧಾರ್ ಇತ್ತು, ಹೆಡ್ ಮಾಸ್ತರು ಸಹಿ ಮಾಡಿದ ವ್ಯಾಸಂಗ ಪ್ರಮಾಣಪತ್ರವೂ ಇತ್ತು. ಮೂರನೇ, ನಾಲ್ಕನೇ, ಐದನೇ ಕ್ಲಾಸು ಎಲ್ಲೆಲ್ಲಿ ಓದಿದ್ದು ಅನ್ನೋ ಕಡೆ ಬಂದಾಗ ತಾಯಿ ಹೇಳಿದಳು: ‘ನಾಕನೇತ್ತದಾಗ ನಾಕ ತಿಂಗಳ ಬೆಂಗಳೂರಾಗ ಇತ್ರೀ. ನಾವು ದುಡಿಯಾಕ ಹೋಗಿದ್ವಿ. ಅಲ್ಲೇ ಸಾಲಿಗೆ ಹಾಕಿದ್ವಿ.’

ನನ್ನ ಕೈ ಅಲ್ಲೇ ನಿಂತಿತು.

ನವೋದಯದ ಪ್ರಾಸ್ಪೆಕ್ಟಸ್‌ನಲ್ಲಿ ಒಂದು ನಿಯಮ ಇದೆ. ಪ್ರತಿ ಜಿಲ್ಲೆಯಲ್ಲಿ ಕನಿಷ್ಠ ಶೇ. 75ರಷ್ಟು ಸೀಟು ಗ್ರಾಮೀಣ ಮಕ್ಕಳಿಗೆ. ಅದಕ್ಕೆ 3, 4, 5ನೇ ತರಗತಿ ಪೂರ್ತಿ ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ಈ ಮೂರು ವರ್ಷದಲ್ಲಿ ಒಂದೇ ಒಂದು ದಿನ ನಗರದ ಶಾಲೆಯಲ್ಲಿ ಓದಿದ್ದರೂ ಆ ಮಗು ‘ನಗರದ ಅಭ್ಯರ್ಥಿ’. ನಾಲ್ಕು ತಿಂಗಳ ಮಾತು ಬಿಡ್ರಿ, ಒಂದು ದಿನ ಸಾಕು.

ಅಂದ್ರೆ ಈ ಹುಡುಗಿ ಬೆಂಗಳೂರಿಗೆ ಹೋಗಿ, ಕಟ್ಟಡದ ಪಕ್ಕ ತಗಡಿನ ಶೆಡ್ಡಿನಲ್ಲಿ ತಮ್ಮನನ್ನ ಆಡಿಸಿಕೊಂಡು, ಅವ್ವನ ಜೊತೆ ಉಸುಕು ಹೊತ್ತು ಬಂದಿದ್ದರೆ, ಊರ ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರು ಉಳಿದಿರುತ್ತಿತ್ತು. ಆಕೆ ‘ಗ್ರಾಮೀಣ ಅಭ್ಯರ್ಥಿ’ ಆಗಿರುತ್ತಿದ್ದಳು. ಅಲ್ಲಿ ಯಾರೋ ಪುಣ್ಯಾತ್ಮರು ಟೀಚರ್ ಶೆಡ್ಡಿಗೆ ಬಂದು, ಕೈ ಹಿಡಿದು ಕರೆದೊಯ್ದು, ತಮ್ಮ ಸರ್ಕಾರಿ ಶಾಲೆಯಲ್ಲಿ ಕೂಡಿಸಿಕೊಂಡಿದ್ದಕ್ಕೆ ಆಕೆ ‘ನಗರದ’ವಳಾದಳು. ಕೆಲಸ ಮಾಡಿದ್ದರೆ ಹಳ್ಳಿಯವಳು, ಶಾಲೆಗೆ ಹೋಗಿದ್ದಕ್ಕೆ ಪಟ್ಟಣದವಳು.

ಇದನ್ನ ಆ ತಾಯಿಗೆ ಹ್ಯಾಂಗ ತಿಳಿಸಿ ಹೇಳಲಿ? ಹೇಳಿದೆ. ಆಕೆ ಸುಮ್ಮನೆ ಕೇಳಿ, ‘ಹಂಗಾರ ಸಾಲಿಗೆ ಹಾಕಿದ್ದ ತಪ್ಪಾತೇನ್ರಿ?’ ಅಂದಳು.

ಇನ್ನೊಂದು ಕಡೆ ನೋಡ್ರಿ. ಮಗುವಿನ ಹೆಸರು ಊರಿನ ಶಾಲೆಯಲ್ಲಿ, ಮಗು ಪಟ್ಟಣದ ಕೋಚಿಂಗ್‌ನಲ್ಲಿ. ನಮ್ಮ ಕಡೆ ಇದು ಯಾರಿಗೆ ಗೊತ್ತಿಲ್ಲ? ಅಪ್ಪನಿಗೆ ನೌಕರಿ, ಪಟ್ಟಣದಲ್ಲಿ ಸ್ವಂತ ಮನೆ, ಊರಲ್ಲಿ ನೀರಾವರಿ ಹೊಲ. ಮಗು ವರ್ಷಪೂರ್ತಿ ಕೋಚಿಂಗ್‌ನ ಹಾಸ್ಟೆಲ್‌ನಲ್ಲಿ ಇರುತ್ತದೆ, ಹಾಜರಿ ಮಾತ್ರ ಹಳ್ಳಿಯಲ್ಲಿ ಬೀಳುತ್ತದೆ. ಕಾಗದದ ಮೇಲೆ ಆ ಮಗು ಅಪ್ಪಟ ಗ್ರಾಮೀಣ. ಹಳ್ಳಿ ಮಕ್ಕಳನ್ನ ಕಾಯಲಿಕ್ಕೆ ಬರೆದ ನಿಯಮ ಹಳ್ಳಿಯಲ್ಲಿ ಅತ್ಯಂತ ಬಡವರಾದವರ ಮಗುವನ್ನ ಹೊರಗೆ ಹಾಕುತ್ತದೆ, ಉಳ್ಳವರ ಮಗುವನ್ನ ಒಳಗೆ ಬಿಡುತ್ತದೆ. ಬರೆದವರ ಮನಸ್ಸಿನಲ್ಲಿ ಕೆಟ್ಟದ್ದು ಇರಲಿಲ್ಲ ಅಂತಲೇ ಇಟ್ಟುಕೊಳ್ಳೋಣ. ಆದರೆ ಅವರ ಕಣ್ಣಿಗೆ ಗುಳೆ ಕಂಡಿರಲಿಲ್ಲ. ದೇವದುರ್ಗ, ಮಾನ್ವಿ ಕಂಡಿರಲಿಲ್ಲ.

ಗೊತ್ತಿಲ್ಲದವರಿಗೆ ಹೇಳ್ತೀನಿ. 2002ರ ನಂಜುಂಡಪ್ಪ ವರದಿ ರಾಜ್ಯದ 39 ತಾಲೂಕುಗಳನ್ನ ‘ಅತ್ಯಂತ ಹಿಂದುಳಿದವು’ ಅಂತ ಗುರುತಿಸಿತು. ಅದರಲ್ಲಿ ದೇವದುರ್ಗವೂ ಇದೆ, ಮಾನ್ವಿಯೂ ಇದೆ. 2011ರ ಜನಗಣತಿ ಪ್ರಕಾರ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ. 59.56, ರಾಜ್ಯದ್ದು ಶೇ. 75.36. ನಮ್ಮ ಹೆಣ್ಣುಮಕ್ಕಳದ್ದು ಶೇ. 50 ಕೂಡ ಮುಟ್ಟಿರಲಿಲ್ಲ. 371(ಜೆ) ಬಂತು, ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಆಯಿತು, ‘ಮಹತ್ವಾಕಾಂಕ್ಷಿ ಜಿಲ್ಲೆ’ ಅಂತ ದಿಲ್ಲಿಯವರು ಹೊಸ ಹೆಸರೂ ಕೊಟ್ಟರು. ಸುಗ್ಗಿ ಮುಗಿದ ಮೇಲೆ ನಮ್ಮ ಕೇರಿ, ತಾಂಡಾಗಳ ಮುಂದೆ ಬೆಂಗಳೂರಿನ ಬಸ್ಸು ನಿಲ್ಲೋದು ಮಾತ್ರ ನಿಂತಿಲ್ಲ.

*

ನಾನು ನವೋದಯ, ಮೊರಾರ್ಜಿ ಶಾಲೆಗಳ ವಿರೋಧಿ ಅಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಕಾಮೆಂಟ್‌ನಲ್ಲಿ ಜಗಳ ಬೇಡ.

ವಸತಿ ಶಾಲೆ ಅನ್ನೋದು ನಮಗೆ ಯಾರೋ ಕರುಣೆಯಿಂದ ಕೊಟ್ಟ ವಸ್ತು ಅಲ್ಲ. ‘ಹೆಂಡ ಬೇಡ, ವಸತಿ ಶಾಲೆ ಬೇಕು’ ಅಂತ ದಲಿತ ಸಂಘರ್ಷ ಸಮಿತಿಯವರು ಊರೂರಲ್ಲಿ ಕೂಗಿದರು. ಆ ಕಾಲದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ, ಕೇಳ್ರಿ. ಅವರು ಪ್ರತಿಭಾವಂತ ಮಕ್ಕಳಿಗೆ ಮಾತ್ರ ಶಾಲೆ ಕೊಡ್ರಿ ಅಂತ ಕೇಳಲಿಲ್ಲ. ಹೊಲ ಇಲ್ಲದವನ ಮಗುವಿಗೆ, ಜೀತಕ್ಕಿದ್ದವನ ಮಗುವಿಗೆ, ದೇವರಿಗೆ ಬಿಟ್ಟ ತಾಯಿಯ ಮಗುವಿಗೆ ಊಟ, ಹಾಸಿಗೆ, ಪುಸ್ತಕ, ಮಾಸ್ತರು ಇರೋ ಒಂದು ಜಾಗ ಕೇಳಿದರು. ಊರಿನ ಗೌಡನ ಕಣ್ಣಿನಿಂದ ದೂರ, ಕೇರಿಯ ಹಸಿವಿನಿಂದ ದೂರ.

ದಿಲ್ಲಿಯಲ್ಲಿ 1986ರ ರಾಷ್ಟ್ರೀಯ ಶಿಕ್ಷಣ ನೀತಿ ನವೋದಯ ತಂತು. ಅದರ ಮಾತೇ ಬೇರೆ, ‘ಹಳ್ಳಿಯ ಪ್ರತಿಭಾವಂತ ಮಕ್ಕಳು’. ಪರೀಕ್ಷೆ ಮಾಡಿ ಆರಿಸೋದು. ಮುಂದೆ ನಮ್ಮ ರಾಜ್ಯದಲ್ಲಿ ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ, ಅಂಬೇಡ್ಕರ್ ವಸತಿ ಶಾಲೆಗಳು ಬಂದವು. ಹಿಂದುಳಿದ ತಾಲೂಕುಗಳಿಗೆ ಆದರ್ಶ ವಿದ್ಯಾಲಯಗಳು ಬಂದವು. ಎಲ್ಲದಕ್ಕೂ ಆರನೇ ಕ್ಲಾಸಿಗೆ ಪ್ರವೇಶ, ಎಲ್ಲದಕ್ಕೂ ಐದನೇ ಕ್ಲಾಸಿನಲ್ಲಿ ಪರೀಕ್ಷೆ. ನಾವು ಹಕ್ಕು ಅಂತ ಕೇಳಿದ್ದು ಸ್ಪರ್ಧೆಯ ಬಹುಮಾನವಾಗಿ ನಮ್ಮ ಕೈಗೆ ಬಂತು. ಈ ಬದಲಾವಣೆ ಆದಾಗ ನಾವು ಗಮನಿಸಲೇ ಇಲ್ಲ. ಶಾಲೆಗಳಿಗೆ ಬಾಬಾಸಾಹೇಬರ ಹೆಸರಿಟ್ಟಾಗ ಚಪ್ಪಾಳೆ ಹೊಡೆದು ಮನೆಗೆ ಬಂದೆವು. ನಾನೂ ಹೊಡೆದಿದ್ದೇನೆ.

ಈ ಶಾಲೆಗಳಿಂದ ನಮ್ಮ ಮಕ್ಕಳು ಮೇಲೆ ಬಂದಿದ್ದಾರೆ, ಅದು ನಿಜ. ಪಕ್ಕದ ತೆಲಂಗಾಣದಲ್ಲಿ ಸಮಾಜ ಕಲ್ಯಾಣ ಗುರುಕುಲದ ಹುಡುಗಿ ಮಾಲಾವತ್ ಪೂರ್ಣಾ 2014ರಲ್ಲಿ, ಹದಿಮೂರನೇ ವಯಸ್ಸಿಗೆ, ಎವರೆಸ್ಟ್ ಹತ್ತಿದಳು. ಕೃಷ್ಣಾ ನದಿ ದಾಟಿದರೆ ಅದೇ ರಾಜ್ಯ. ಒಳ್ಳೆ ಶಾಲೆ ಸಿಕ್ಕರೆ ನಮ್ಮ ಮಗು ಎಲ್ಲಿಗೆ ಹೋಗಬಲ್ಲದು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಅದಕ್ಕೇ ಬಾಗಿಲಲ್ಲಿ ಯಾರು ನಿಂತಿದ್ದಾರೆ, ಯಾರನ್ನ ಬಿಡ್ತಾರೆ ಅನ್ನೋದು ಮುಖ್ಯ.

*

ಈಗ ಪರೀಕ್ಷೆಗೆ ಬರೋಣ.

ನವೋದಯ ಪರೀಕ್ಷೆ ಎರಡು ತಾಸು, 80 ಪ್ರಶ್ನೆ, 100 ಅಂಕ. ಅರ್ಧ, ಅಂದ್ರೆ 50 ಅಂಕ, ಮಾನಸಿಕ ಸಾಮರ್ಥ್ಯಕ್ಕೆ. ಉಳಿದದ್ದು ಅಂಕಗಣಿತ ಮತ್ತು ಭಾಷೆ. ಮಾನಸಿಕ ಸಾಮರ್ಥ್ಯ ಅಂದ್ರೆ ಏನು? ನಾಲ್ಕು ಚಿತ್ರದಲ್ಲಿ ಬೇರೆ ಆಗಿರೋದು ಯಾವುದು, ಕನ್ನಡಿಯಲ್ಲಿ ಈ ಚಿತ್ರ ಹ್ಯಾಂಗ ಕಾಣ್ತದೆ, ಹಾಳೆ ಮಡಚಿ ತೂತು ಹಾಕಿ ಬಿಚ್ಚಿದರೆ ತೂತು ಎಲ್ಲೆಲ್ಲಿ ಇರ್ತಾವೆ. ಇದು ಹುಟ್ಟಿನಿಂದ ಬಂದ ಬುದ್ಧಿಯನ್ನ ಅಳೆಯುತ್ತದೆ ಅನ್ನೋ ನಂಬಿಕೆ ಎಲ್ಲರಿಗೂ ಇದೆ. ಮೋಸ ಇರೋದೇ ಇಲ್ಲಿ. ಈ ಪ್ರಶ್ನೆಗಳು ನಮ್ಮ ಸರ್ಕಾರಿ ಶಾಲೆಯ ಪಠ್ಯಪುಸ್ತಕದಲ್ಲಿ ಕಲಿಸೋ ಪಾಠ ಅಲ್ಲ, ಆದರೆ ಎರಡು ವರ್ಷ ದಿನಾ ಬಿಡಿಸಿದರೆ ಯಾವ ಮಗುವಿಗೂ ರೂಢಿಯಾಗ್ತದೆ. ರೊಕ್ಕ ಕೊಟ್ಟವರಿಗೆ ಆ ರೂಢಿ ಸಿಗುತ್ತದೆ.

ರಾಯಚೂರು ಬಸ್ ಸ್ಟ್ಯಾಂಡಿನಿಂದ ಹೊರಗೆ ಬಂದು ತಲೆ ಎತ್ತಿ ನೋಡ್ರಿ. ಮಾನ್ವಿಗೆ ಹೋಗ್ರಿ, ಅಲ್ಲೂ ನೋಡ್ರಿ. ‘ನವೋದಯ, ಸೈನಿಕ, ಮೊರಾರ್ಜಿ, ಆದರ್ಶ ಕೋಚಿಂಗ್, ವಸತಿ ಸಹಿತ’ ಅಂತ ಫ್ಲೆಕ್ಸ್. ಆಯ್ಕೆಯಾದ ಮಕ್ಕಳ ಫೋಟೋ ಸಾಲು ಸಾಲು. ಎಂಟು ಒಂಬತ್ತು ವರ್ಷದ ಕೂಸುಗಳನ್ನ ಮನೆಯಿಂದ ಬಿಡಿಸಿ ಬೆಳಿಗ್ಗೆ ಐದಕ್ಕೆ ಎಬ್ಬಿಸಿ ಓಎಂಆರ್ ಹಾಳೆಯಲ್ಲಿ ಗೋಲ ತುಂಬಿಸ್ತಾರೆ. ಅದರ ಫೀಜು ನಮ್ಮ ಕೇರಿಯ ಒಂದು ಮನೆಯ ವರ್ಷದ ಕೂಲಿಯನ್ನೇ ನುಂಗುತ್ತದೆ. ಕಳಿಸೋ ತಂದೆತಾಯಿಗಳನ್ನ ನಾನು ಬೈಯಲ್ಲ. ನನ್ನ ಹತ್ತಿರ ರೊಕ್ಕ ಇದ್ದಿದ್ದರೆ ನಾನೂ ಕಳಿಸ್ತಿದ್ದೆನೇನೋ. ಆದರೆ ಆ ಮಗು ಪಾಸಾದಾಗ ಪೇಪರಿನವರು ‘ಪ್ರತಿಭೆ’ ಅಂತ ಬರೀತಾರಲ್ಲ, ಆ ಶಬ್ದಕ್ಕೆ ಮಾತ್ರ ನನ್ನ ತಕರಾರು.

ಅದೇ ಹೊತ್ತಿಗೆ ದೇವದುರ್ಗದ ಹಳ್ಳಿ ಶಾಲೆಯಲ್ಲಿ ಏನಾಗ್ತಿರುತ್ತದೆ? ಐದು ಕ್ಲಾಸಿಗೆ ಇಬ್ಬರು ಮಾಸ್ತರು, ಅದರಲ್ಲೊಬ್ಬರು ಅತಿಥಿ ಶಿಕ್ಷಕರು. ಒಬ್ಬರು ಮೀಟಿಂಗ್‌ಗೆ ಹೋದರೆ ಇನ್ನೊಬ್ಬರು ಎಲ್ಲ ಕ್ಲಾಸನ್ನೂ ಒಂದೇ ಕೋಣೆಯಲ್ಲಿ ಕೂಡಿಸ್ತಾರೆ. ನವೆಂಬರ್‌ನಿಂದ ಜನವರಿ ತನಕ ಹತ್ತಿ ಬಿಡಿಸೋ ಹಂಗಾಮು, ದೊಡ್ಡ ಮಕ್ಕಳು ಹೊಲಕ್ಕೆ ಹೋಗ್ತಾರೆ, ಇಲ್ಲ ಸಣ್ಣವರನ್ನ ನೋಡಿಕೊಂಡು ಮನೆಯಲ್ಲಿ ಇರ್ತಾರೆ. ಆರನೇ ಕ್ಲಾಸಿನ ನವೋದಯ ಪರೀಕ್ಷೆ ಬರೋದೂ ಆ ಹಂಗಾಮಿನಲ್ಲೇ. ಆ ಹುಡುಗಿಗೆ ಹಾಳೆ ಮಡಚಿದ ಪ್ರಶ್ನೆ ತೋರಿಸಿದೆ. ಮೊದಲ ಎರಡು ತಪ್ಪಿದಳು. ಮೂರನೇದಕ್ಕೆ ನಿಜವಾದ ಹಾಳೆ ಮಡಚಿ ತೂತು ಮಾಡಿ ತೋರಿಸಿದೆ. ಆಮೇಲೆ ಏಳು ಪ್ರಶ್ನೆ ಬಿಡಿಸಿದಳು, ಏಳೂ ಸರಿ. ಆಕೆಗೆ ಕಡಿಮೆ ಇದ್ದದ್ದು ಬುದ್ಧಿ ಅಲ್ಲ, ಹತ್ತು ನಿಮಿಷ ಕೂತು ತೋರಿಸೋ ಒಬ್ಬ ಮನುಷ್ಯ.

ಇನ್ನೂ ಸಣ್ಣ ಸಣ್ಣ ಬೇಲಿಗಳಿವೆ. ಗುಮಾಸ್ತನಾಗಿ ನನ್ನ ಕಣ್ಣಿಗೆ ಬೀಳೋವು ಇವೇ. ವಯಸ್ಸಿನ ಮಿತಿ ಎಲ್ಲರಿಗೂ ಒಂದೇ, ಪರಿಶಿಷ್ಟ ಜಾತಿ, ಪಂಗಡಕ್ಕೂ ಸಡಿಲಿಕೆ ಇಲ್ಲ. ನಮ್ಮಲ್ಲಿ ಮಗು ಶಾಲೆಗೆ ಸೇರೋದೇ ತಡ, ಜನ್ಮದಿನಾಂಕ ಅಂದ್ರೆ ಮಾಸ್ತರು ಅಂದಾಜಿಗೆ ಬರೆದ ಜೂನ್ 1. ಪರೀಕ್ಷೆ ಜೀವನದಲ್ಲಿ ಒಂದೇ ಸಲ, ಎರಡನೇ ಸಲ ಬರೆಯೋ ಹಾಗಿಲ್ಲ. ಜ್ವರ ಬಂದರೆ ಮುಗೀತು, ಬಸ್ಸು ತಪ್ಪಿದರೆ ಮುಗೀತು. ಅರ್ಜಿಗೆ ಫೀಜು ಇಲ್ಲ, ಆದರೆ ಆನ್‌ಲೈನ್. ಜಾತಿ ಪ್ರಮಾಣಪತ್ರದಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಹೆಸರು ಇದ್ದರೆ ನಾಡಕಚೇರಿಗೆ ಮೂರು ಸಲ ಅಡ್ಡಾಡಬೇಕು. ಒಂದು ಸಲಕ್ಕೆ ಒಂದು ದಿನದ ಕೂಲಿ ಹೋಯ್ತು.

*

‘ಮೀಸಲಾತಿ ಇದೆಯಲ್ಲ, ಮತ್ತೇನು?’ ಅಂತ ಕೇಳೋರಿದ್ದಾರೆ. ಇದೆ. ನವೋದಯದಲ್ಲಿ ಜಿಲ್ಲೆಯ ಜನಸಂಖ್ಯೆಗೆ ತಕ್ಕಂತೆ ಪರಿಶಿಷ್ಟ ಜಾತಿ, ಪಂಗಡಕ್ಕೆ ಸೀಟು, ಎರಡೂ ಸೇರಿ ಶೇ. 50 ಮೀರುವಂತಿಲ್ಲ. ನಮ್ಮ ಜಿಲ್ಲೆಯಲ್ಲಿ 2011ರ ಪ್ರಕಾರ ಪರಿಶಿಷ್ಟ ಜಾತಿ ಹತ್ತಿರ ಹತ್ತಿರ ಶೇ. 21, ಪಂಗಡ ಶೇ. 19. ಮುದಗಲ್‌ನಲ್ಲಿರೋ ನಮ್ಮ ಜಿಲ್ಲೆಯ ನವೋದಯದಲ್ಲಿ ವರ್ಷಕ್ಕೆ ಹೆಚ್ಚೆಂದರೆ 80 ಸೀಟು ಅಂತ ಹಿಡಿದರೆ ಸುಮಾರು 32 ನಮ್ಮವು. ಈ 32ರಲ್ಲಿ ಒಂದನ್ನೂ ಯಾರೂ ಮುಟ್ಟುವಂತಿಲ್ಲ, ಅದಕ್ಕೆ ನನ್ನ ಜೀವ ಇರೋ ತನಕ ಜಗಳ ಆಡ್ತೀನಿ. ಮೀಸಲಾತಿ ಇಲ್ಲದಿದ್ದರೆ ಆ ಪಟ್ಟಿಯಲ್ಲಿ ನಮ್ಮವರು ಎಷ್ಟು ಮಂದಿ ಇರ್ತಿದ್ದರು ಅನ್ನೋದನ್ನ ಹೇಳಬೇಕಾಗಿಲ್ಲ.

ಆದರೆ ಆ 32ರಲ್ಲಿ ಯಾರು ಅಂತ ನಾವೇ ಕೇಳಿಕೊಳ್ಳಬೇಕು. ಒಳಮೀಸಲಾತಿ ಹೋರಾಟ ನಮಗೆ ಕಲಿಸಿದ ಪಾಠ ಇದೇ ಅಲ್ಲವೇ? ಸಾಲಿನ ಒಳಗೂ ಒಂದು ಸಾಲು ಇರುತ್ತದೆ, ಹಿಂದೆ ನಿಂತವರು ಯಾವಾಗಲೂ ಹಿಂದೆಯೇ. ಸುಪ್ರೀಂ ಕೋರ್ಟು 2024ರ ಆಗಸ್ಟ್ 1ರಂದು ಒಳವರ್ಗೀಕರಣ ಸರಿ ಅಂತು. 2025ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ 6, 6, 5 ಅಂತ ಹಂಚೋ ತೀರ್ಮಾನ ಮಾಡಿತು. 59 ಅಲೆಮಾರಿ ಸಮುದಾಯಗಳು ತಮಗೆ ಪ್ರತ್ಯೇಕ ಪಾಲು ಸಿಗಲಿಲ್ಲ ಅಂತ ಬೀದಿಗಿಳಿದವು. ಅವರ ಮಾತಿನಲ್ಲಿ ನ್ಯಾಯ ಇದೆ. ನವೋದಯ ಕೇಂದ್ರದ್ದು, ಅಲ್ಲಿ ಪರಿಶಿಷ್ಟ ಜಾತಿ ಅಂದ್ರೆ ಇನ್ನೂ ಒಂದೇ ಸಾಲು.

ಜಾತಿಯ ಒಳಗಿನ ಸಾಲು ಒಂದು. ಇನ್ನೊಂದು, ನಮ್ಮಂಥ ನೌಕರಿ ಇರೋರ ಮಗು ಮತ್ತು ಕೂಲಿಯವರ ಮಗು. ಇದನ್ನ ಹೇಳಿದ ಕೂಡಲೇ ‘ಹಂಗಾದ್ರ ಕೆನೆಪದರ ಹಾಕ್ರಿ’ ಅಂತ ಮೀಸಲಾತಿ ವಿರೋಧಿಗಳು ಓಡಿ ಬರ್ತಾರೆ. ಅವರಿಗೆ ನನ್ನ ಉತ್ತರ: ನಿಮ್ಮ ಸಲಹೆ ಬೇಡ. ಜಾತಿ ಅವಮಾನಕ್ಕೆ ಸಂಬಳದ ಚೀಟಿ ಔಷಧಿ ಅಲ್ಲ. ನಮಗೆ ಬೇರೆ ದಾರಿ ಇದೆ. ತಮಿಳುನಾಡು 2020ರಲ್ಲಿ ಒಂದು ಕಾನೂನು ಮಾಡಿತು. ಆರರಿಂದ ಹನ್ನೆರಡರ ತನಕ ಸರ್ಕಾರಿ ಶಾಲೆಯಲ್ಲಿ ಓದಿದ ಮಕ್ಕಳಿಗೆ ವೈದ್ಯಕೀಯ ಸೀಟಿನಲ್ಲಿ ಶೇ. 7.5 ಮೀಸಲು. ಜಾತಿ ಮೀಸಲಾತಿ ಇದ್ದ ಹಾಗೇ ಇರುತ್ತದೆ, ಅದರ ಒಳಗೇ ಸರ್ಕಾರಿ ಶಾಲೆಯ ಮಗುವಿಗೆ ಜಾಗ ಕಾಯ್ದಿರಿಸಿದರು. ಇದನ್ನೇ ಮೊರಾರ್ಜಿ, ಆದರ್ಶ ಪ್ರವೇಶಕ್ಕೆ ಯಾಕೆ ತರಬಾರದು? ಒಂದರಿಂದ ಐದರ ತನಕ ಸರ್ಕಾರಿ ಶಾಲೆಯಲ್ಲಿ ನಿಜವಾಗಿ ಓದಿದ ಮಗುವಿಗೆ ಪ್ರತಿ ವರ್ಗದ ಒಳಗೆ ಇಷ್ಟು ಸೀಟು ಅಂತ ಬರೀಲಿ.

*

ಪರೀಕ್ಷೆಗಿಂತ ಮೊದಲಿನ ಪ್ರಶ್ನೆ ಒಂದಿದೆ. ಅರ್ಜಿ ಹಾಕೋರು ಯಾರು?

ಅಮೆರಿಕದ ಫ್ಲೋರಿಡಾ ರಾಜ್ಯದಲ್ಲಿ ಬ್ರೋವಾರ್ಡ್ ಅಂತ ಒಂದು ಕೌಂಟಿ. ಅಲ್ಲೂ ಸರ್ಕಾರಿ ಶಾಲೆಯ ‘ಪ್ರತಿಭಾವಂತ’ರಿಗೆ ಬೇರೆ ಕ್ಲಾಸು ಇವೆ. ಮೊದಲು ಮಾಸ್ತರೋ ತಂದೆತಾಯಿಯೋ ಹೆಸರು ಕೊಟ್ಟ ಮಕ್ಕಳನ್ನ ಮಾತ್ರ ಪರೀಕ್ಷೆ ಮಾಡ್ತಿದ್ದರು. ಬಡ ಮಕ್ಕಳು, ಕಪ್ಪು ಮಕ್ಕಳು, ವಲಸೆ ಬಂದ ಸ್ಪ್ಯಾನಿಷ್ ಮಾತಾಡೋರ ಮಕ್ಕಳು ಅದರಲ್ಲಿ ಬಹಳ ಕಡಿಮೆ. 2005ರಲ್ಲಿ ಎರಡನೇ ಕ್ಲಾಸಿನ ಎಲ್ಲ ಮಕ್ಕಳಿಗೂ ಒಂದು ಪ್ರಾಥಮಿಕ ಪರೀಕ್ಷೆ ಮಾಡಿದರು. ಆರಿಸೋ ಮಟ್ಟ ಇಳಿಸಲಿಲ್ಲ. ಆದರೂ ಆ ಮಕ್ಕಳ ಸಂಖ್ಯೆ ಒಮ್ಮೆಗೇ ಬಹಳ ಏರಿತು. ಡೇವಿಡ್ ಕಾರ್ಡ್, ಲಾರಾ ಜೂಲಿಯಾನೋ ಅನ್ನೋ ಅರ್ಥಶಾಸ್ತ್ರಜ್ಞರು ಇದನ್ನ ಲೆಕ್ಕ ಹಾಕಿ 2016ರಲ್ಲಿ ಪ್ರಕಟಿಸಿದರು. ಬುದ್ಧಿ ಮೊದಲಿನಿಂದ ಅಲ್ಲೇ ಇತ್ತು, ಯಾರೂ ಕೇಳಿರಲಿಲ್ಲ ಅಷ್ಟೇ.

ನಮ್ಮಲ್ಲಿ ಇದಕ್ಕೆ ದೊಡ್ಡ ಖರ್ಚೂ ಇಲ್ಲ. ಕರ್ನಾಟಕದ ಪ್ರತಿ ಶಾಲಾ ಮಗುವಿಗೆ ಸ್ಯಾಟ್ಸ್ ನಂಬರ್ ಇದೆ. ಹೆಸರು, ಜಾತಿ, ಶಾಲೆ, ಕ್ಲಾಸು ಎಲ್ಲ ಕಂಪ್ಯೂಟರಿನಲ್ಲಿ ಇದೆ. ಮತ್ತೆ ಅದೇ ಮಗುವಿನ ತಾಯಿ ಅದೇ ವಿವರ ಹಿಡಿದು ಸೈಬರ್ ಸೆಂಟರಿಗೆ ಯಾಕೆ ಹೋಗಬೇಕು? ಸರ್ಕಾರಿ ಶಾಲೆಯ ಐದನೇ ಕ್ಲಾಸಿನ ಪ್ರತಿ ಮಗುವಿನ ಹೆಸರೂ ಮೊರಾರ್ಜಿ, ಆದರ್ಶ ಪರೀಕ್ಷೆಗೆ ತಾನಾಗಿ ನೋಂದಣಿ ಆಗಲಿ. ಬೇಡ ಅನ್ನೋರು ಬೇಡ ಅಂತ ಬರೆದುಕೊಡಲಿ. ಆಫೀಸಿನಲ್ಲಿ ದಿನಾ ಫೈಲು ಹಿಡಿಯೋನಾಗಿ ಹೇಳ್ತೀನಿ, ಇದು ಒಂದು ಸುತ್ತೋಲೆಯ ಕೆಲಸ.

ರಾಜ್ಯದ ವಸತಿ ಶಾಲೆಗಳಲ್ಲಿ ಮಾಜಿ ದೇವದಾಸಿಯರ ಮಕ್ಕಳು, ಸಫಾಯಿ ಕರ್ಮಚಾರಿಗಳ ಮಕ್ಕಳು ಇಂಥವರಿಗೆ ಪರೀಕ್ಷೆ ಇಲ್ಲದೆ ನೇರ ಪ್ರವೇಶದ ದಾರಿಯೂ ಇದೆ. ಅಂದ್ರೆ ಅಂಕದಿಂದ ಮಾತ್ರವಲ್ಲ, ಅಗತ್ಯದಿಂದಲೂ ಸೀಟು ಕೊಡಬಹುದು ಅಂತ ಸರ್ಕಾರವೇ ಒಪ್ಪಿದೆ. ಮಾನ್ವಿ, ದೇವದುರ್ಗದ ಎಷ್ಟು ಕೇರಿಗಳಲ್ಲಿ ಇದು ಗೊತ್ತಿದೆ? ನಾನು ಕೇಳಿದ ಕಡೆಯಲ್ಲೆಲ್ಲ ‘ಹೌದೇನ್ರಿ?’ ಅನ್ನೋ ಉತ್ತರವೇ ಬಂದಿದೆ.

*

ಒಳಗೆ ಹೋದ ಮೇಲೆ ಎಲ್ಲ ಸುಖ ಅಂತಲೂ ತಿಳೀಬೇಡ್ರಿ. 2013ರಿಂದ 2017ರ ಐದು ವರ್ಷದಲ್ಲಿ ದೇಶದ ನವೋದಯಗಳಲ್ಲಿ 49 ಮಕ್ಕಳು ಆತ್ಮಹತ್ಯೆ ಮಾಡಿಕೊಂಡರು ಅಂತ 2018ರಲ್ಲಿ ಸುದ್ದಿ ಬಂತು. ಅದರಲ್ಲಿ ಅರ್ಧದಷ್ಟು ದಲಿತ, ಆದಿವಾಸಿ ಮಕ್ಕಳು. ಹತ್ತು ಹನ್ನೊಂದು ವರ್ಷಕ್ಕೆ ಅವ್ವನ ಮಗ್ಗುಲಿನಿಂದ ಎದ್ದು ಹೋದ ಕೂಸು ಅಲ್ಲಿ ತನ್ನ ಮಾತು ಹಳ್ಳಿಮಾತು, ತನ್ನ ಸೀಟು ‘ಕೋಟಾ ಸೀಟು’ ಅಂತ ಕೇಳಿಸಿಕೊಳ್ತದೆ. ಅಲ್ಲಿ ಅದರ ಕಷ್ಟ ಕೇಳೋರು ಬೇಕು. ಸೀಟು ಸಿಕ್ಕಿತು ಅಂತ ಪೇಢೆ ಹಂಚಿ ನಾವೂ ಮರೀಬಾರದು.

ಕೆಲವು ಸಂಗಾತಿಗಳು ಹೇಳ್ತಾರೆ, ‘ಈ ಆರಿಸೋ ಶಾಲೆಗಳೇ ಬೇಡ. ಎಲ್ಲರಿಗೂ ಒಂದೇ ಥರದ ನೆರೆಹೊರೆ ಶಾಲೆ ಬೇಕು.’ ಕೊಠಾರಿ ಆಯೋಗ 1966ರಲ್ಲೇ ಅದನ್ನ ಹೇಳಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆ ಮಗುವನ್ನ ಪರೀಕ್ಷೆ ಮಾಡಿ ಸೇರಿಸಿಕೊಳ್ಳಬಾರದು ಅಂತು, ಅದೇ ಕಾಯ್ದೆ ನವೋದಯದಂಥವನ್ನ ‘ನಿರ್ದಿಷ್ಟ ವರ್ಗದ ಶಾಲೆ’ ಅಂತ ಬೇರೆ ಸಾಲಿನಲ್ಲಿ ಕೂಡಿಸಿತು. ತತ್ವಕ್ಕೆ ನಾನು ಅವರ ಜೊತೆ ಇದ್ದೇನೆ. ಇಬ್ಬರು ಜಾಣ ಮಕ್ಕಳನ್ನ ಆರಿಸಿ ಒಯ್ದ ಮೇಲೆ ಹಳ್ಳಿ ಶಾಲೆಯಲ್ಲಿ ಉಳಿದ ಮೂವತ್ತು ಮಕ್ಕಳಿಗೆ ‘ನೀವು ಜಾಣರಲ್ಲ’ ಅಂತ ಹತ್ತನೇ ವಯಸ್ಸಿಗೇ ಹೇಳಿದ ಹಾಗಾಗ್ತದೆ. ಊರ ಮುಖಂಡರ ಮಗು ಆ ಶಾಲೆ ಬಿಟ್ಟು ಹೋದ ದಿನ ಆ ಶಾಲೆಯ ಪರವಾಗಿ ಬಿಇಒ ಆಫೀಸಿಗೆ ಹೋಗೋರೂ ಇಲ್ಲದಂಗಾಗ್ತದೆ.

ಆದರೆ ಆ ಸಮಾನ ಶಾಲೆ ಬರೋ ತನಕ ಆ ಹುಡುಗಿಗೆ ಏನು ಹೇಳಲಿ? ‘ತಾಳವ್ವಾ, ಕ್ರಾಂತಿ ಆಗಲಿ’ ಅಂತಲೇ? ಆಕೆಗೆ ಹತ್ತು ವರ್ಷ, ಇನ್ನೊಂದು ವರ್ಷ ಕಾದರೆ ವಯಸ್ಸು ಮೀರುತ್ತದೆ. ಎರಡೂ ಕೆಲಸ ಕೂಡಿಯೇ ಮಾಡಬೇಕು. ಹಳ್ಳಿ ಶಾಲೆಗೆ ಮಾಸ್ತರನ್ನೂ ಕೇಳಬೇಕು, ಈ ಬಾಗಿಲನ್ನೂ ಅಗಲ ಮಾಡಬೇಕು.

*

ಅದಕ್ಕೆ ನನ್ನ ಬೇಡಿಕೆಗಳು ಇವು. ತಿದ್ದಬೇಕಾದ್ದು ಇದ್ದರೆ ಕಾಮೆಂಟ್‌ನಲ್ಲಿ ಬರೀರಿ.

ಒಂದು. ‘ಒಂದು ದಿನ’ದ ನಿಯಮದಿಂದ ಗುಳೆ ಹೋದವರ ಮಕ್ಕಳನ್ನ ಹೊರಗಿಡಬೇಕು. ಕುಟುಂಬ ದುಡಿಯಲು ಹೋಗಿತ್ತು ಅಂತ ಊರ ಶಾಲೆಯೂ ಪಂಚಾಯ್ತಿಯೂ ಬರೆದುಕೊಟ್ಟರೆ ಆ ಮಗು ಗ್ರಾಮೀಣವೇ. ನವೋದಯದ ಆಡಳಿತ ಸಮಿತಿಗೆ ಅಧ್ಯಕ್ಷರು ಜಿಲ್ಲಾಧಿಕಾರಿ. ಅವರ ಮೂಲಕ ನವೋದಯ ವಿದ್ಯಾಲಯ ಸಮಿತಿಗೆ ಮನವಿ ಹೋಗಲಿ, ನಮ್ಮ ಸಂಸದರು ದಿಲ್ಲಿಯಲ್ಲಿ ಈ ಮಾತು ಎತ್ತಲಿ.

ಎರಡು. ರಾಜ್ಯದ ಪರೀಕ್ಷೆಗಳಿಗೆ ಸರ್ಕಾರಿ ಶಾಲೆಯ ಎಲ್ಲ ಐದನೇ ಕ್ಲಾಸಿನ ಮಕ್ಕಳ ಹೆಸರು ಸ್ಯಾಟ್ಸ್‌ನಿಂದಲೇ ನೋಂದಣಿ ಆಗಬೇಕು.

ಮೂರು. ಪ್ರತಿ ಮೀಸಲು ವರ್ಗದ ಒಳಗೆ ಸರ್ಕಾರಿ ಶಾಲೆಯ ಮಕ್ಕಳಿಗೆ ಪಾಲು ಬೇಕು. ಹಾಜರಿಯನ್ನ ನಿಜವಾಗಿ ತಪಾಸಣೆ ಮಾಡಬೇಕು.

ನಾಲ್ಕು. ಪರೀಕ್ಷೆ ಇಟ್ಟವರೇ ಅದಕ್ಕೆ ತಯಾರಿ ಮಾಡಿಸಬೇಕು. ನಾಲ್ಕನೇ ಕ್ಲಾಸಿನಿಂದ ಪ್ರತಿ ಸರ್ಕಾರಿ ಶಾಲೆಯಲ್ಲಿ ವಾರಕ್ಕೆ ಎರಡು ತಾಸು, ಪುಸ್ತಕ, ಓಎಂಆರ್ ಹಾಳೆ ಉಚಿತ.

ಐದು. ಗುಳೆ ಹಂಗಾಮಿನಲ್ಲಿ ಮಗು ಊರಲ್ಲೇ ಉಳಿದು ಓದೋ ಹಾಗೆ ಹಂಗಾಮಿ ಹಾಸ್ಟೆಲ್ ಬೇಕು. ತಂದೆತಾಯಿ ಹೋದರೂ ಕೂಸು ಶಾಲೆಯಲ್ಲಿ ಇರಲಿ.

ಆರು. ಪರೀಕ್ಷೆ ಇಲ್ಲದೆ ಪ್ರವೇಶ ಪಡೆಯೋ ದಾರಿಯನ್ನ ಪ್ರತಿ ಪಂಚಾಯ್ತಿ, ಅಂಗನವಾಡಿ ಗೋಡೆ ಮೇಲೆ ಕನ್ನಡದಲ್ಲಿ ಬರೆಯಬೇಕು.

ಇನ್ನು ನಾವು ಮಾಡಬೇಕಾದ್ದು. ಏಪ್ರಿಲ್ 14ಕ್ಕೆ ಡಿಜೆಗೆ ಎಷ್ಟು ಖರ್ಚು ಮಾಡ್ತೀವಿ ಅಂತ ನಮಗೆ ಗೊತ್ತು. ಅದರ ಕಾಲುಭಾಗದಲ್ಲಿ ಒಂದು ಕೇರಿಯ ಎಲ್ಲ ಐದನೇ ಕ್ಲಾಸಿನ ಮಕ್ಕಳಿಗೆ ಅಭ್ಯಾಸ ಪುಸ್ತಕ ಬರ್ತಾವೆ. ಅಂಬೇಡ್ಕರ್ ಭವನಗಳಿಗೆ ಬೀಗ ಬಿದ್ದಿದೆ. ಭಾನುವಾರ ಬೀಗ ತೆಗೀರಿ. ಓದಿದ ಹುಡುಗರು, ಹುಡುಗಿಯರು ಎರಡು ತಾಸು ಕೂತು ಹಾಳೆ ಮಡಚಿ ತೋರಿಸ್ರಿ. ಜೂನ್‌ನಲ್ಲೇ ಕಾಗದ ನೋಡ್ರಿ, ಹೆಸರು ತಾಳೆ ಆಗ್ತಾವೋ ಇಲ್ಲೋ, ಜಾತಿ ಆದಾಯ ಪತ್ರ ಇದೆಯೋ ಇಲ್ಲೋ. ಕೊನೇ ವಾರಕ್ಕೆ ಬಿಡಬೇಡ್ರಿ. ನೌಕರಿ ಇರೋ ನಾವು ತಲಾ ಹತ್ತು ಅರ್ಜಿ ತುಂಬಿದರೆ ಸಾಕು. ನಾವು ಯಾರೋ ತುಂಬಿದ ಅರ್ಜಿಯಿಂದಲೇ ಇಲ್ಲಿ ಬಂದು ಕೂತಿದ್ದೇವೆ. ನನ್ನ ಹಾಸ್ಟೆಲ್ ಅರ್ಜಿ ತುಂಬಿದ್ದು ನಮ್ಮ ಊರಿನ ಒಬ್ಬ ಪೋಸ್ಟ್‌ಮನ್ ಕಾಕಾ. ಆಗ ಪರೀಕ್ಷೆ ಇರಲಿಲ್ಲ, ಮಗು ಬಡವರದ್ದು ಅನ್ನೋದೇ ಸಾಕಾಗಿತ್ತು.

ಆ ಹುಡುಗಿಯ ಅರ್ಜಿ ಹಾಕಿದೆವು. ನಗರ, ಗ್ರಾಮೀಣ ಅನ್ನೋ ಕಡೆ ‘ನಗರ’ ಅಂತಲೇ ಗುರುತು ಮಾಡಿದೆ. ಸುಳ್ಳು ಬರೆಯೋಣ ಅಂತ ಒಂದು ಕ್ಷಣ ಅನಿಸಿತು. ಆಕೆ ಪಕ್ಕದಲ್ಲೇ ಕೂತು ನೋಡ್ತಿದ್ದಳು, ಕೈ ಬರಲಿಲ್ಲ. ಹೋಗುವಾಗ ಅಭ್ಯಾಸ ಪುಸ್ತಕ ಕೊಟ್ಟೆ. ಬಾಗಿಲಲ್ಲಿ ನಿಂತು ಕೇಳಿದಳು, ‘ಸರ, ನಗರ ಅಂದ್ರ ರಾಯಚೂರೋ, ಬೆಂಗಳೂರೋ? ನಾ ಯಾವೂರಾಕಿ ಅಂತ ಬರ್ದ್ರಿ?’

ಆಕೆ ದೇವದುರ್ಗದವಳು ಅಂತ ಆ ಅರ್ಜಿಯಲ್ಲಿ ಬರೆಯೋ ಹಾಗೆ ಮಾಡೋದು ನಮ್ಮ ಕೆಲಸ. ಜಿಲ್ಲಾಧಿಕಾರಿಗೆ ಕೊಡೋ ಮನವಿಯ ಕರಡು ಬರೆದಿಟ್ಟಿದ್ದೇನೆ. ಸಹಿ ಹಾಕೋರು, ನಿಮ್ಮೂರಲ್ಲಿ ಇಂಥ ಮಕ್ಕಳು ಇರೋದು ಗೊತ್ತಿದ್ದೋರು ಇನ್‌ಬಾಕ್ಸ್‌ಗೆ ಬರ್ರಿ.

ಜೈ ಭೀಮ್.